ಏಳನೇ ಕೋಣೆಯ ನೆಲ

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಟಾರ್ಚಮ್ಮ ಎಂದು. ಇಪ್ಪತ್ತೆರಡು ವರ್ಷ ಒಂದೇ ಚಿತ್ರಮಂದಿರದಲ್ಲಿ, ಆಟ ಶುರುವಾದ ಮೇಲೆ ಏದುಸಿರು ಬಿಡುತ್ತ ಬರುವವರನ್ನು ಕತ್ತಲಲ್ಲಿ ಅವರವರ ಸೀಟಿಗೆ ಮುಟ್ಟಿಸಿದವಳು. ಎಷ್ಟನೇ ಸಾಲಿನ ಬಳಿ ಕಾರ್ಪೆಟ್ ಹರಿದಿದೆ, ಯಾವ ಮೆಟ್ಟಿಲು ಉಳಿದವುಗಳಿಗಿಂತ ಬೆರಳಷ್ಟು ಎತ್ತರ, ಎಲ್ಲ ಅವಳ ಪಾದಕ್ಕೆ ಗೊತ್ತಿತ್ತು. ಕೈಯಲ್ಲಿದ್ದ ಟಾರ್ಚು ಬಂದವರಿಗಾಗಿ. ಅವಳಿಗೆ ಅದರ ಅಗತ್ಯವೇ ಇರಲಿಲ್ಲ.

ಆ ಚಿತ್ರಮಂದಿರ ಒಂದು ದಿನ ಬಾಗಿಲು ಹಾಕಿತು. ಆರು ತಿಂಗಳಲ್ಲಿ ಅದನ್ನು ಕೆಡವಿಯೂ ಆಯಿತು. ಹಿಂದಿನ ಬೀದಿಯಲ್ಲಿ ನಾಲ್ಕು ವರ್ಷದಿಂದ ತಗಡಿನ ಮರೆಯಲ್ಲಿ ಏಳುತ್ತಿದ್ದ ಕಟ್ಟಡವೊಂದು ಅದೇ ಹೊತ್ತಿಗೆ ತಯಾರಾಯಿತು. ಹೊಸ ಕಾಲದ ಕಲೆಗಾಗಿ ಕಟ್ಟಿದ ಮ್ಯೂಸಿಯಂ ಅದು. ಕೋಣೆ ಕಾಯುವವರು ಬೇಕಾಗಿದ್ದಾರೆಂದು ಗೊತ್ತಾಗಿ ಟಾರ್ಚಮ್ಮ ಹೋದಳು. ಪ್ರದರ್ಶನಗಳ ಉಸ್ತುವಾರಿ ಹೊತ್ತಿದ್ದ ಮೇಡಂ, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡ ಮಧ್ಯವಯಸ್ಸಿನ ಹೆಂಗಸು, ಕೇಳಿದರು:

"ನಿಮಗೆ ಏನು ಕೆಲಸ ಬರುತ್ತೆ?"

"ಜನ ದಾರಿ ತಪ್ಪದ ಹಾಗೆ ನೋಡ್ಕೊಳ್ಳೋದು ಬರುತ್ತೆ ಮೇಡಂ," ಎಂದಳು.

ಮೇಡಂ ನಕ್ಕು ಕೆಲಸ ಕೊಟ್ಟರು. ಯಾಕೆ ನಕ್ಕರೆಂದು ಮೊದಲ ದಿನವೇ ಗೊತ್ತಾಯಿತು.

ಅಂದು ಬೂದು ಬಣ್ಣದ ಸಮವಸ್ತ್ರ ತೊಟ್ಟು, ಮಧ್ಯಾಹ್ನ ಊಟದ ಡಬ್ಬಿ ಇಟ್ಟಿದ್ದ ಕೋಣೆ ಹುಡುಕಿಕೊಂಡು ಹೊರಟ ಟಾರ್ಚಮ್ಮ ಮುಕ್ಕಾಲು ಗಂಟೆ ಅಲೆದಳು. ಎತ್ತ ತಿರುಗಿದರೂ ಬಿಳಿ ಗೋಡೆ. ಕೋಣೆಗಳಿಗೆ ಬಾಗಿಲೇ ಇಲ್ಲ. ಒಂದು ಕೋಣೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳಲು ಹೊಸಿಲೂ ಇಲ್ಲ. ಕಿಟಕಿ ಕಂಡರೆ ಬೀದಿ ಯಾವ ಕಡೆಗಿದೆಯೆಂದು ತಿಳಿದೀತು ಅಂದುಕೊಂಡಳು. ಕಿಟಕಿಗಳೆಲ್ಲ ಚಾವಣಿಯಲ್ಲಿದ್ದವು. ಬೆಂಕಿ ಆರಿಸುವ ಒಂದೇ ಕೆಂಪು ಸಿಲಿಂಡರಿನ ಎದುರು ಮೂರು ಸಲ ಬಂದು ನಿಂತಳು. ಅದು ಒಂದೇ ಸಿಲಿಂಡರೋ, ಒಂದೇ ಥರದ ಮೂರು ಸಿಲಿಂಡರುಗಳೋ ಎಂಬುದೂ ಖಾತ್ರಿಯಾಗಲಿಲ್ಲ. ಕೊನೆಗೆ ಟಿಕೆಟ್ ಕೊಂಡು ನೋಡಲು ಬಂದಿದ್ದ ಮುದುಕರೊಬ್ಬರು ಅವಳ ಮುಖ ನೋಡಿ ಮರುಕಪಟ್ಟು, "ನಂಗೂ ಹೀಗೇ ಆಯ್ತಮ್ಮ, ಬನ್ನಿ" ಎಂದು ನಡುವಿನ ಅಂಗಳದವರೆಗೆ ಕರೆತಂದು ಬಿಟ್ಟರು. ದಾರಿ ತೋರಿಸಬೇಕಾದವಳಿಗೇ ದಾರಿ ತೋರಿಸಿದ ಆ ಮುದುಕರಿಗೆ ಕೈಮುಗಿದು, ಡಬ್ಬಿಯ ಆಸೆ ಬಿಟ್ಟು, ಹೊಟ್ಟೆಗೆ ನೀರು ಕುಡಿದು ಕೂತಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸಂಜೆ ಅವನ ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹಾಸಿ, ಅವನ ಸೀಮೆಸುಣ್ಣದಲ್ಲೇ ಕಟ್ಟಡವನ್ನು ಬರೆಯಲು ಕೂತಳು. ಇಲ್ಲಿ ಬಾಗಿಲು, ಇಲ್ಲಿ ಅಂಗಳ, ಇಲ್ಲಿಂದ ಮೇಲಕ್ಕೆ ಸುತ್ತುತ್ತ ಹೋಗುವ ಇಳಿಜಾರು ದಾರಿ. ಒಂದರಿಂದ ಏಳರವರೆಗೆ ಕೋಣೆ ಬರೆಯುವಷ್ಟರಲ್ಲಿ ಐದನೆಯದೂ ಏಳನೆಯದೂ ಒಂದೇ ಜಾಗದಲ್ಲಿ ಬಂದು ಕೂತವು.

"ಇದೇನೇ ಇದು," ಎಂದ ಗಂಡ, ಕನ್ನಡಕ ಸರಿಮಾಡಿಕೊಂಡು. "ಕಂಕುಳಿಲ್ಲದೆ ತೋಳು ಹೊಲಿದ ಹಾಗಿದೆಯಲ್ಲ!"

"ನಾನೇನ್ ಮಾಡ್ಲಿ? ಅವರು ಕಟ್ಟಿರೋದೇ ಹಾಗೆ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಫೋನು ಹಿಡಿದುಕೊಂಡು ಬಂದಳು. "ಅಮ್ಮ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಇದರಲ್ಲಿ ನೀನು ಎಲ್ಲಿದ್ದೀಯ ಅಂತ ನೀಲಿ ಚುಕ್ಕೆ ತೋರಿಸುತ್ತೆ."

ಮಾರನೆಯ ದಿನ ಕಟ್ಟಡದ ನಟ್ಟನಡುವೆ ನಿಂತು ಫೋನು ತೆಗೆದಳು. ನೀಲಿ ಚುಕ್ಕೆ ಅವಳನ್ನು ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ನಿಲ್ಲಿಸಿತ್ತು.

ವಾರ ಕಳೆದ ಮೇಲೆ ಮೇಡಂ ಅವಳನ್ನು ಏಳನೇ ಕೋಣೆಗೆ ಹಾಕಿದರು. ಅಲ್ಲಿ ಒಬ್ಬ ಹಿರಿಯ ಚಿತ್ರಗಾರ್ತಿಯ ಒಂಬತ್ತು ಚಿತ್ರಗಳ ಪ್ರದರ್ಶನ ಆಗಷ್ಟೇ ಶುರುವಾಗಿತ್ತು. ಒಂದೊಂದೂ ಇಬ್ಬರು ಮಲಗುವ ಹಾಸಿಗೆಯಷ್ಟು ದೊಡ್ಡದು. ಒಂದರಲ್ಲಿ ಕೆಂಪು ಗಾರೆ, ಒಂದರಲ್ಲಿ ಬಿರುಕು ಬಿಟ್ಟ ಸಿಮೆಂಟು, ಒಂದರಲ್ಲಿ ಬಿಳಿಕಪ್ಪು ಚೌಕಗಳು. ಮನುಷ್ಯರಿಲ್ಲ, ಮರಗಿಡವಿಲ್ಲ. ಟಾರ್ಚಮ್ಮ ಎರಡು ದಿನ ಕಣ್ಣು ಕಣ್ಣು ಬಿಟ್ಟು ನೋಡಿದಳು. ಮೂರನೆಯ ದಿನ, ಸಿಮೆಂಟಿನ ಚಿತ್ರದ ಮೂಲೆಯಲ್ಲಿ ನಾಲ್ಕು ಸಣ್ಣ ಗುಳಿಗಳು ಕಂಡವು. ಮಂಚದ ಕಾಲು ವರ್ಷಗಟ್ಟಲೆ ಊರಿದರೆ ಆಗುವ ಗುಳಿ. ಅದರ ಪಕ್ಕದಲ್ಲಿ ಒಲೆಯ ಮುಂದಿನ ಎಣ್ಣೆಜಿಡ್ಡಿನ ಕಲೆ.

"ಅಯ್ಯೋ, ಇದು ನೆಲ!" ಎಂದಳು ಗಟ್ಟಿಯಾಗಿ. ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಕೇಳುವವರು ಇರದಿದ್ದದ್ದೇ ಅಲ್ಲಿನ ತೊಂದರೆ. ದಿನಕ್ಕೆ ಆರುನೂರು ಏಳುನೂರು ಮಂದಿ ಬರುವ ಕಟ್ಟಡದಲ್ಲಿ ಏಳನೇ ಕೋಣೆಗೆ ಮೊದಲ ದಿನ ಬಂದವರು ಹನ್ನೊಂದು ಜನ. ಎರಡನೆಯ ದಿನ ಏಳು. ಮೂರನೆಯ ದಿನ ನಾಲ್ಕು. ಅವರಲ್ಲಿ ಮೂವರು ಶೌಚಾಲಯ ಎಲ್ಲಿದೆ ಎಂದು ಕೇಳಿಕೊಂಡು ಬಂದವರು.

ನಾಲ್ಕನೆಯ ದಿನ ಚಿತ್ರಗಾರ್ತಿಯೇ ಬಂದರು. ಎಪ್ಪತ್ತು ದಾಟಿದ, ಮಂಡಿನೋವಿನ ಹೆಂಗಸು. ಗಂಡಸರ ಬೂಟು ಹಾಕಿಕೊಳ್ಳುತ್ತಿದ್ದರು. ಟಾರ್ಚಮ್ಮನ ಕುರ್ಚಿಯ ಪಕ್ಕದ ಬೆಂಚಿನ ಮೇಲೆ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲಿಲ್ಲದ ಬಾಗಿಲಿನತ್ತ ನೋಡಿದರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ.

"ಅಮ್ಮ, ಇವೆಲ್ಲ ಯಾರ ಮನೆ ನೆಲ?" ಎಂದು ಟಾರ್ಚಮ್ಮ ಕೊನೆಗೆ ಬಾಯಿಬಿಟ್ಟಳು.

ಚಿತ್ರಗಾರ್ತಿ ತಿರುಗಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ನೆಲ ಅಂತ ಹೇಗೆ ಗೊತ್ತಾಯ್ತು? ಪೇಪರಿನವರು ಮೋಡ ಅಂತ ಬರೆದಿದ್ದಾರೆ."

"ಮಂಚದ ಕಾಲಿನ ಗುರುತು ಇದೆಯಲ್ಲ."

"ನಾನು ಬಾಡಿಗೆಗಿದ್ದ ಒಂಬತ್ತು ಮನೆ ಕಣಮ್ಮ. ಖಾಲಿ ಮಾಡೋ ದಿನ ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಒಂದ್ಸಲ ಒಳಗೆ ಹೋಗಿ ನೆಲ ನೋಡ್ತಿದ್ದೆ. ಅಲ್ಲಿ ಬದುಕಿದ್ದಕ್ಕೆ ಅದೊಂದೇ ಸಾಕ್ಷಿ ಅನ್ಸೋದು."

ನೆಲವನ್ನು ಯಾಕೆ ಗೋಡೆಗೆ ತೂಗುಹಾಕಿದ್ದಾರೆ ಎಂಬ ಪ್ರಶ್ನೆ ಟಾರ್ಚಮ್ಮನ ನಾಲಿಗೆ ತುದಿಗೆ ಬಂದಿತ್ತು. ಓದಿದವರು, ದೊಡ್ಡವರು, ಏನೋ ಕಾರಣ ಇದ್ದೀತು ಎಂದು ನುಂಗಿಕೊಂಡಳು.

ಜನ ಯಾಕೆ ಬರುತ್ತಿಲ್ಲ ಎಂಬುದು ಮಾತ್ರ ಅವಳ ತಲೆ ತಿನ್ನತೊಡಗಿತು. ಬಿಡುವಿನ ಹೊತ್ತಿನಲ್ಲಿ ಅಂಗಳದಲ್ಲಿ ನಿಂತು ನೋಡಿದಳು. ಅಂಗಳದ ಮೇಲೆ ಗಾಜಿನ ಮಾಡು. ಬೆಳಕು ಧಾರಾಳವಾಗಿ ಸುರಿಯುತ್ತಿತ್ತು. ಎದುರಿಗೇ ಅಗಲವಾದ ಇಳಿಜಾರು ದಾರಿ ಗೋಡೆಗಂಟಿ ಮೇಲಕ್ಕೆ ಸುತ್ತುತ್ತಿತ್ತು. ಒಳಗೆ ಬಂದವರು ಯಾರೂ ತಳ್ಳದಿದ್ದರೂ ಅದರತ್ತಲೇ ಹೋಗುತ್ತಿದ್ದರು. ಏಳನೇ ಕೋಣೆಯ ದಾರಿ ಆ ಇಳಿಜಾರಿನ ಬುಡದಲ್ಲಿ, ಎಡಕ್ಕೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು. ಎರಡು ಸಲ ತಿರುಗಿ ಒಳಗೆ ಹೋಗುತ್ತಿತ್ತು. ಅಂಗಳದ ಬೆಳಕಿನಿಂದ ಬಂದವರಿಗೆ ಅದರ ಬಾಯಲ್ಲಿ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಕೆಲವರು ಒಂದು ಹೆಜ್ಜೆ ಇಟ್ಟು, ತಡೆದು, ಹಿಂದೆ ಸರಿಯುತ್ತಿದ್ದರು.

ಟಾರ್ಚಮ್ಮ ಇಂಥ ಹೆಜ್ಜೆಗಳನ್ನು ಇಪ್ಪತ್ತೆರಡು ವರ್ಷ ನೋಡಿದವಳು. ಯಾರಾದರೂ ಒಬ್ಬರು ಅಲ್ಲಿದ್ದರೆ ಸಾಕು, ಧೈರ್ಯ ಬರುತ್ತದೆ ಎಂದುಕೊಂಡು ತನ್ನ ಕುರ್ಚಿಯನ್ನು ಎತ್ತಿ ತಂದು ದಾರಿಯ ಮೊದಲ ತಿರುವಿನಲ್ಲಿ ಹಾಕಿಕೊಂಡು ಕೂತಳು. ಬಂದವರತ್ತ ನೋಡಿ ನಗುಮುಖವನ್ನೂ ಮಾಡಿದಳು.

ಅಂದು ಏಳನೇ ಕೋಣೆಗೆ ಒಬ್ಬರೂ ಬರಲಿಲ್ಲ. ಸಮವಸ್ತ್ರ ತೊಟ್ಟವಳು ದಾರಿಗಡ್ಡ ಕೂತಿದ್ದಾಳೆಂದರೆ ಒಳಗೆ ಬಿಡುವುದಿಲ್ಲ ಎಂದೇ ಎಲ್ಲರೂ ತಿಳಿದುಕೊಂಡರು. ಒಬ್ಬಾಕೆಯಂತೂ "ಸಾರಿ, ಸಾರಿ" ಎಂದು ಕಾಲಿಗೆ ಬುದ್ಧಿ ಹೇಳಿದಳು. ಸಂಜೆ ಮೇಡಂ ಕರೆದು, "ಕುರ್ಚಿ ಕೋಣೆಯೊಳಗೆ ಇರಬೇಕು ಅಂತ ಹೇಳಿರ್ಲಿಲ್ವಾ?" ಎಂದು ಗದರಿದರು. ಟಾರ್ಚಮ್ಮ ಹುಳ್ಳಗೆ ಮುಖ ಮಾಡಿಕೊಂಡು ಕುರ್ಚಿ ಹೊತ್ತು ವಾಪಸು ಬಂದಳು. ಕತ್ತಲಲ್ಲಿ ಜನ ತನ್ನನ್ನು ನಂಬಿ ಹಿಂದೆ ಬರುತ್ತಿದ್ದರು; ಬೆಳಕಲ್ಲಿ ತನ್ನನ್ನು ನೋಡಿಯೇ ಓಡುತ್ತಿದ್ದಾರೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಮುಂದಿನ ವಾರ ಕೋಣೆ ಕಾಯುವವರೆಲ್ಲರನ್ನೂ ಮೇಲಿನ ಮಹಡಿಯ ಸಭೆಗೆ ಕರೆದರು. ಟಾರ್ಚಮ್ಮ ಮೊದಲ ಸಲ ಇಳಿಜಾರು ದಾರಿ ಹತ್ತಿದಳು. ಅಷ್ಟು ದಿನ ಅವಳು ನೌಕರರ ಮೆಟ್ಟಿಲನ್ನೇ ಬಳಸುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಉದ್ದನೆಯ ಕಿಂಡಿಯೊಂದಿತ್ತು. ಮುಂದೆ ಹೋಗುತ್ತಿದ್ದ ಇಬ್ಬರು ಅದರಲ್ಲಿ ಇಣುಕಿ, "ಏನೂ ಇಲ್ಲ" ಎಂದುಕೊಂಡು ಮುಂದಾದರು. ಅವಳೂ ಇಣುಕಿದಳು.

ಕೆಳಗೆ ಆಳದಲ್ಲಿ ಒಂದು ಖಾಲಿ ಕೋಣೆ. ಬರೀ ಬೂದು ನೆಲ. ಮೂಲೆಯಲ್ಲಿ ಒಂದು ಕುರ್ಚಿ, ಅದರ ಕೆಳಗೆ ನೀರಿನ ಬಾಟಲಿ, ಪಕ್ಕದಲ್ಲಿ ಬೆಂಚು. ಬೆಂಚಿನ ಮೇಲೆ ಯಾರೋ ಮುದುಕಿ ಕೂತಿದ್ದಾಳೆ. ಪಾಪ, ಯಾರೋ ದಾರಿ ತಪ್ಪಿಸಿಕೊಂಡು ಅಲ್ಲಿ ಕೂತುಬಿಟ್ಟಿದ್ದಾರೆ ಎಂದು ಅವಳಿಗೆ ಕನಿಕರ ಬಂತು. ಆ ಕೋಣೆ ಯಾವುದು, ಇನ್ನೂ ಯಾಕೆ ಖಾಲಿ ಬಿಟ್ಟಿದ್ದಾರೆ ಎಂದು ಯೋಚಿಸುತ್ತ ಇನ್ನೊಂದು ಸಲ ನೋಡಿದಾಗ ಬಾಟಲಿಯ ಹಸಿರು ಮುಚ್ಚಳ ಕಂಡಿತು. ಮಗಳು ಕೊಡಿಸಿದ ಬಾಟಲಿ. ಮುದುಕಿಯ ಕಾಲಲ್ಲಿ ಗಂಡಸರ ಬೂಟು.

ಅದು ತನ್ನದೇ ಕೋಣೆ. ಒಂಬತ್ತು ದೊಡ್ಡ ಚಿತ್ರಗಳಿರುವ ಕೋಣೆ. ಒಂದೂ ಕಾಣುತ್ತಿಲ್ಲ! ಒಂದು ಗಳಿಗೆ ಯಾರೋ ಎಲ್ಲವನ್ನೂ ಕದ್ದೊಯ್ದರೆಂದೇ ತಿಳಿದಳು. ಸಭೆ ಮರೆತು ಕೆಳಗೆ ಓಡಿದಳು. ಚಿತ್ರಗಳು ಇದ್ದಲ್ಲೇ ಇದ್ದವು. ಗೋಡೆಯ ತಲೆಯ ಹತ್ತಿರ, ಇಷ್ಟು ದಿನ ಗಾಳಿಗೆಂದು ಬಿಟ್ಟಿದ್ದಾರೆ ಅಂದುಕೊಂಡಿದ್ದ ಸಂದನ್ನು ಕತ್ತೆತ್ತಿ ನೋಡಿದಳು. ಅದೇ ಆ ಕಿಂಡಿ. ಏಳನೇ ಕೋಣೆಯ ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ಬಾಗಿದ್ದವು. ಅವುಗಳಿಗಂಟಿಸಿ ತೂಗುಹಾಕಿದ ಚಿತ್ರಗಳೂ ನೆಲದತ್ತ ಮುಖ ಮಾಡಿ ಬಾಗಿದ್ದವು. ಮೇಲಿನಿಂದ ನೋಡುವವರಿಗೆ ಚಿತ್ರಗಳು ಬೆನ್ನು ತಿರುಗಿಸಿ ನಿಂತಂತೆ.

"ಏನಾಯ್ತು? ದೆವ್ವ ಕಂಡವರ ಹಾಗೆ ಓಡಿ ಬಂದ್ರಿ?" ಎಂದರು ಚಿತ್ರಗಾರ್ತಿ.

"ಅಮ್ಮ, ಎಲ್ಲರೂ ಮೇಲಿಂದ ಇಲ್ಲಿಗೆ ಇಣುಕಿ ನೋಡ್ತಾರೆ. ನಿಮ್ಮ ಚಿತ್ರ ಒಂದೂ ಕಾಣಲ್ಲ. ಬರೀ ನೆಲ ಕಾಣುತ್ತೆ. ಖಾಲಿ ಕೋಣೆ ಅಂದ್ಕೊಂಡು ಹೋಗ್ತಾರೆ. ನಾನೇ ಹಾಗಂದ್ಕೊಂಡೆ."

"ಏನು ಕಾಣುತ್ತೆ ಅಂದ್ರಿ?"

"ನೆಲ."

ಚಿತ್ರಗಾರ್ತಿ ಎದ್ದರು. ಮಂಡಿ ಹಿಡಿದುಕೊಂಡು, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು ಇಳಿಜಾರು ಹತ್ತಿದರು. ಕಿಂಡಿಯ ಮುಂದೆ ನಿಂತವರು ಹತ್ತು ನಿಮಿಷ ಕದಲಲಿಲ್ಲ. ಆಮೇಲೆ ಇಳಿದು, ಕೊಡೆ ತೆಗೆದುಕೊಂಡು ಮನೆಗೆ ಹೋಗಿಬಿಟ್ಟರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

"ಯಾಕಾದ್ರೂ ಬಾಯಿಬಿಟ್ಟೆನೋ," ಎಂದು ಟಾರ್ಚಮ್ಮ ಮನೆಯಲ್ಲಿ ಒದ್ದಾಡಿದಳು. "ವಯಸ್ಸಾದವರು. ಮನಸ್ಸಿಗೆ ಹಚ್ಕೊಂಡ್ರೋ ಏನೋ."

"ಇದ್ದದ್ದು ಹೇಳಿದೆ. ತಪ್ಪೇನು?" ಎಂದ ಗಂಡ, ಹೊಲಿಗೆಯಿಂದ ತಲೆಯೆತ್ತದೆ.

"ಇದ್ದದ್ದು ಯಾವುದು ಅಂತಾನೇ ನಂಗೆ ಗೊತ್ತಾಗ್ತಿಲ್ಲ ಕಣ್ರೀ. ಕೆಳಗಿಂದ ನೋಡಿದ್ರೆ ಚಿತ್ರ ಇದೆ, ಮೇಲಿಂದ ನೋಡಿದ್ರೆ ಇಲ್ಲ."

ಮೂರನೆಯ ದಿನ ಮೇಡಂ ಕಚೇರಿಗೆ ಕರೆಸಿದರು. ಕೆಲಸ ಹೋಯಿತೆಂದೇ ಅಂದುಕೊಂಡು ಹೋದಳು. ಒಳಗೆ ಮೇಡಂ, ಚಿತ್ರಗಾರ್ತಿ, ಅವರ ಜೊತೆಗೆ ಕಪ್ಪು ಅಂಗಿ ತೊಟ್ಟ ತೆಳ್ಳನೆಯ ಮನುಷ್ಯ. ಕಟ್ಟಡದ ನಕ್ಷೆ ಬರೆದ ಆರ್ಕಿಟೆಕ್ಟ್ ಅವರೇ ಎಂದು ಮೇಡಂ ಹೇಳಿದರು. ಈ ಗೋಜಲನ್ನೆಲ್ಲ ಹೆಣೆದ ಮನುಷ್ಯನ ಮುಖದಲ್ಲಿ ಗತ್ತು ಇರುತ್ತದೆ ಅಂದುಕೊಂಡಿದ್ದಳು. ಆತ ಪರೀಕ್ಷೆಯಲ್ಲಿ ಓದಿದ್ದೆಲ್ಲ ಮರೆತವನಂತೆ ಕೂತಿದ್ದ.

"ಆ ಕಿಂಡಿ ಮಾಡಿದ್ದೇ ಮೇಲಿಂದ ಚಿತ್ರ ಕಾಣ್ಲಿ, ಕಂಡವರು ಕೆಳಗೆ ಇಳಿದು ಹೋಗ್ಲಿ ಅಂತ," ಎಂದ ಆತ. "ರಟ್ಟಿನ ಮಾದರಿಯಲ್ಲಿ ಕಾಣ್ತಿತ್ತು. ಸರಿಯಾಗಿ ಕಾಣ್ತಿತ್ತು! ಎಲ್ಲಿ ನಿಂತು ನೋಡಿದ್ರಿ ನೀವು?"

"ಎಲ್ಲರೂ ನಿಲ್ಲೋ ಕಡೆ ಸರ್."

ನಾಲ್ವರೂ ಇಳಿಜಾರು ಹತ್ತಿದರು. ಆರ್ಕಿಟೆಕ್ಟ್ ಕಿಂಡಿಯಲ್ಲಿ ಇಣುಕಿದ. ಬಗ್ಗಿ ನೋಡಿದ, ಮಂಡಿಯೂರಿ ನೋಡಿದ, ಕೊನೆಗೆ ಕಪ್ಪು ಅಂಗಿಯಲ್ಲೇ ನೆಲದ ಮೇಲೆ ಮಲಗಿ ಕತ್ತು ಹೊರಳಿಸಿ ನೋಡಿದ. ಹೋಗಿಬರುವವರು ಅವನನ್ನು ದಾಟಿಕೊಂಡು ಹೋದರು. ಎದ್ದವನು ಕಿಂಡಿಯ ಗೋಡೆಯ ದಪ್ಪವನ್ನು ಗೇಣು ಹಾಕಿ ಅಳೆದ. ಒಂದು ಗೇಣು, ಎರಡು ಗೇಣು.

"ಇದು ಒಂದೇ ಗೇಣು ಇರಬೇಕಿತ್ತು," ಎಂದ ಸಣ್ಣ ದನಿಯಲ್ಲಿ. "ಗಾಳಿ ಕೊಳವೆಗೆ ಜಾಗ ಸಾಲ್ದು ಅಂತ ಗೋಡೆ ದಪ್ಪ ಮಾಡಿದ್ರು. ಅದು ನಂಗೆ ಗೊತ್ತಿತ್ತು. ಕಣ್ಣಿಗೆ ಇಷ್ಟು ಅಡ್ಡ ಬರುತ್ತೆ ಅಂತ... ಕಟ್ಟಿದ ಮೇಲೆ ನಾನು ಇಲ್ಲಿ ನಿಂತು ನೋಡ್ಲೇ ಇಲ್ಲ."

"ಗೋಡೆ ಕಡಿಯೋಕಾಗಲ್ಲ," ಎಂದರು ಮೇಡಂ.

"ಗೋಡೆ ಬೇಡ," ಎಂದರು ಚಿತ್ರಗಾರ್ತಿ. "ಮೇಲಿಂದ ನೆಲ ತಾನೇ ಕಾಣೋದು? ನನ್ನವೂ ನೆಲಗಳೇ. ಕೆಳಗೆ ಹಾಸಿಬಿಡಿ."

ಮೇಡಂ ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಚಿತ್ರವನ್ನು ನೆಲಕ್ಕೆ ಹಾಕಿದರೆ ತುಳಿಯುತ್ತಾರೆ, ಧೂಳು ಕೂರುತ್ತದೆ, ಮೂವತ್ತು ವರ್ಷದಿಂದ ಇವು ಗೋಡೆಯ ಚಿತ್ರಗಳೆಂದೇ ಹೆಸರಾಗಿವೆ ಎಂದೆಲ್ಲ ಹೇಳಿದರು. ಚಿತ್ರಗಾರ್ತಿ ಎಲ್ಲಕ್ಕೂ "ಹೌದು" ಎಂದರೇ ಹೊರತು ಪಟ್ಟು ಬಿಡಲಿಲ್ಲ. ಕೊನೆಗೆ ಮೂವರೂ ಟಾರ್ಚಮ್ಮನತ್ತ ತಿರುಗಿದರು.

"ನೀವೇನಂತೀರಿ?" ಎಂದರು ಮೇಡಂ.

ಆ ಪ್ರಶ್ನೆಗೆ ಅವಳು ಕಕ್ಕಾಬಿಕ್ಕಿಯಾದಳು. ಅವಳ ಬದುಕಿನಲ್ಲಿ ಇಂಥವರು ಇಂಥ ಮಾತನ್ನು ಅವಳಿಗೆ ಕೇಳಿದ್ದೇ ಇಲ್ಲ. "ನಂಗೆ ಚಿತ್ರ ಗೊತ್ತಾಗಲ್ಲ ಮೇಡಂ," ಎಂದಳು. "ಆದರೆ ನೆಲ ಅಲ್ವಾ... ಕೆಳಗೆ ಇದ್ರೆ ನೆಲ ಅಂತ ಗೊತ್ತಾಗುತ್ತೇನೋ."

ಸೋಮವಾರ ಮ್ಯೂಸಿಯಂಗೆ ರಜೆ. ಅಂದು ಒಂಬತ್ತೂ ಚಿತ್ರಗಳನ್ನು ಇಳಿಸಿ, ಗೇಣೆತ್ತರದ ಮರದ ಹಲಗೆಗಳ ಮೇಲೆ ಮಲಗಿಸಿದರು. ನಡುವೆ ಓಡಾಡಲು ಜಾಗ ಬಿಟ್ಟರು. ಹಗ್ಗ ಕಟ್ಟಬೇಕೆಂದು ಮೇಡಂ, ಕಟ್ಟಬಾರದೆಂದು ಚಿತ್ರಗಾರ್ತಿ. ಕೊನೆಗೆ ಹಗ್ಗ ಕಟ್ಟಲಿಲ್ಲ. ಟಾರ್ಚಮ್ಮ ಮೇಲೆ ಹೋಗಿ ನೋಡಿದಳು. ಒಂಬತ್ತು ಮನೆಗಳ ಮಾಡು ಎತ್ತಿಟ್ಟು ಒಳಗೆ ಇಣುಕಿದಂತಿತ್ತು. ಈಗಷ್ಟೇ ಯಾರೋ ಮಂಚ ಎತ್ತಿಕೊಂಡು ಹೋಗಿದ್ದಾರೆ, ಈಗಷ್ಟೇ ಯಾರೋ ಒಲೆ ಆರಿಸಿದ್ದಾರೆ. ಅವಳ ಕೈ ತಾನಾಗಿ ಕಿಂಡಿಯೊಳಗೆ ಚಾಚಿತು. ಯಾಕೆಂದು ತಿಳಿಯಲಿಲ್ಲ. ಗೋಡೆಯ ಮೇಲಿದ್ದಾಗ ಎರಡು ವಾರ ಇವನ್ನೇ ನೋಡುತ್ತ ಕೂತಿದ್ದಳು. ಆಗ ಏನೂ ಆಗಿರಲಿಲ್ಲ.

ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಕಿಂಡಿಯ ಮುಂದೆ ಜನ ಗುಂಪುಗೂಡಿದರು. ಇಳಿಜಾರಿನಲ್ಲಿ ಹಿಂದಿನವರಿಗೆ ದಾರಿ ಇಲ್ಲದಾಯಿತು. ಎಲ್ಲರ ಬಾಯಲ್ಲೂ ಒಂದೇ ಮಾತು: ಅಲ್ಲಿಗೆ ಹೋಗೋದು ಹೇಗೆ? ಮೇಲೆ ಹೋದವರು ಮೇಲಿನ ಕೋಣೆಗಳಲ್ಲಿ ಹುಡುಕಿದರು, ಕೆಳಗೆ ಬಂದವರು ಐದನೇ ಕೋಣೆಯಲ್ಲಿ ಹುಡುಕಿದರು. ಆ ಕಿರಿದಾದ ದಾರಿಯ ಬಾಯಿಗೆ ಬಂದು, ಇದಾಗಿರಲಾರದು ಎಂದು ತಿರುಗಿ ಹೋದವರು ಎಷ್ಟೋ. ಮೇಡಂ ಓಡಿ ಬಂದರು.

"ಏನಾದ್ರೂ ಮಾಡಿ, ಇವರನ್ನ ಕರ್ಕೊಂಡು ಬನ್ನಿ!"

ಟಾರ್ಚಮ್ಮ ಮೇಲೆ ಹೋಗಿ, "ಕೆಳಗಿನ ನೆಲ ನೋಡೋರು ನನ್ನ ಹಿಂದೆ ಬನ್ನಿ," ಎಂದಳು. ಅಷ್ಟೇ. ಇಪ್ಪತ್ತು ಜನ ಬಂದರು. ಕಿರಿದಾದ ದಾರಿಯ ಬಾಯಲ್ಲಿ ಅವಳು ಮೂರು ಉಸಿರಿನಷ್ಟು ಹೊತ್ತು ನಿಂತಳು, ಅವರ ಕಣ್ಣು ಹೊಂದಿಕೊಳ್ಳಲಿ ಎಂದು. ಆಮೇಲೆ ನಿಧಾನವಾಗಿ ಒಳಗೆ ನಡೆದಳು. ಅವರನ್ನು ಬಿಟ್ಟು ಮತ್ತೆ ಮೇಲೆ ಹೋದಳು. ಅಂದು ಎಷ್ಟು ಸಲ ಹತ್ತಿ ಇಳಿದಳೋ ಲೆಕ್ಕವಿಲ್ಲ. ಸಂಜೆ ಕಾಲು ಊದಿಕೊಂಡಿತ್ತು. ಮನೆಗೆ ಬಂದು ಬಿಸಿನೀರಿನಲ್ಲಿ ಪಾದ ಇಟ್ಟುಕೊಂಡು ತಾನೇ ತಾನಾಗಿ ನಗುತ್ತಿದ್ದಳು. "ಏನಾಯ್ತಮ್ಮ?" ಎಂದು ಮಗಳು ಕೇಳಿದರೆ, "ಗೊತ್ತಿಲ್ಲ ಕಣೆ, ಖುಷಿ ಆಗ್ತಿದೆ," ಎಂದಳು.

ಆ ಖುಷಿ ಶುಕ್ರವಾರದವರೆಗೆ ಇತ್ತು. ಶುಕ್ರವಾರ ಮಧ್ಯಾಹ್ನ ಹೊಳೆಯುವ ಬೂಟಿನ ದೊಡ್ಡ ಮನುಷ್ಯರೊಬ್ಬರು ಫೋನಿನಲ್ಲಿ ಮಾತಾಡುತ್ತ ಬಂದವರು, ಗೇಣೆತ್ತರದ ಹಲಗೆಯನ್ನು ಮೆಟ್ಟಿಲು ಎಂದುಕೊಂಡರೋ ಏನೋ, ನೇರ ಹತ್ತಿ ಕೆಂಪು ಗಾರೆಯ ಮೇಲೆ ನಡೆದುಕೊಂಡು ಆ ಕಡೆ ಇಳಿದರು. ಚಿತ್ರದ ಮೇಲೆ ನಾಲ್ಕು ಬೂಟಿನ ಗುರುತು ಮೂಡಿತು. ಅವರು ಬೆಚ್ಚಿಬಿದ್ದು, "ನೆಲ ಅಲ್ವಾ ಇದು?" ಎಂದರು. ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ಟಾರ್ಚಮ್ಮ, ಇನ್ನೊಬ್ಬರು ಹತ್ತದ ಹಾಗೆ ಹಲಗೆಗೆ ಅಡ್ಡ ನಿಂತಳು.

ಸುದ್ದಿ ತಿಳಿದು ಚಿತ್ರಗಾರ್ತಿ ಬಂದರು. ಅಂದು ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಗ್ಗ ಬೇಡವೆಂದವರು ತಾವೇ ಎಂಬುದನ್ನು ಮರೆತು, ಕಾಯುವವರು ಏನು ಮಾಡುತ್ತಿದ್ದರು ಎಂದು ಕೂಗಾಡಿದರು. ಟಾರ್ಚಮ್ಮ ತಲೆ ತಗ್ಗಿಸಿ ನಿಂತಿದ್ದಳು. ಮಾರನೆಯ ದಿನ ಅವರೇ ಬಂದು, "ಆ ಗುರುತು ಹಾಗೇ ಇರ್ಲಿ. ಆ ಮನೆಯಲ್ಲಿ ಗಾರೆ ಮೇಲೆ ಎಷ್ಟು ಜನ ಓಡಾಡಿದ್ರು. ಚಿತ್ರದಲ್ಲಿ ನಾನು ಒಬ್ಬರನ್ನೂ ಓಡಾಡೋಕೆ ಬಿಟ್ಟಿರ್ಲಿಲ್ಲ," ಎಂದರು. ಎಲ್ಲರೂ ಅದನ್ನು ಒಪ್ಪಿಕೊಂಡು ಸುಮ್ಮನಾದರು. ಮೂರನೆಯ ದಿನ ಬೆಳಿಗ್ಗೆ ಟಾರ್ಚಮ್ಮ ಬರುವಷ್ಟರಲ್ಲಿ ಆ ಹೆಂಗಸು ನೋಯುವ ಮಂಡಿಗಳನ್ನೇ ಊರಿ ಕೂತು, ಒದ್ದೆ ಬಟ್ಟೆಯಿಂದ ಒಂದೊಂದೇ ಗುರುತನ್ನು ಹಗುರವಾಗಿ ಒರೆಸುತ್ತಿದ್ದರು.

"ಅಮ್ಮ, ಇರ್ಲಿ ಅಂದ್ರಲ್ಲ?"

"ಅಂದೆ," ಎಂದರು ತಲೆಯೆತ್ತದೆ. "ನಿನ್ನೆ ಮನೆಗೆ ಹೋದ ಮೇಲೆ ಸಹಿಸೋಕಾಗ್ಲಿಲ್ಲ. ಇದು ನೆಲವೋ ಚಿತ್ರವೋ ನಂಗೇ ಈಗ ಗೊತ್ತಾಗ್ತಿಲ್ಲ ಕಣಮ್ಮ. ಗೋಡೆ ಮೇಲೆ ಇದ್ದಾಗ ಗೊತ್ತಿತ್ತು."

ಟಾರ್ಚಮ್ಮ ಇನ್ನೊಂದು ಬಟ್ಟೆ ಹಿಂಡಿಕೊಂಡು ಬಂದು ಪಕ್ಕದಲ್ಲಿ ಕೂತಳು. ಮುಟ್ಟಲು ಧೈರ್ಯ ಬರಲಿಲ್ಲ. ಚಿತ್ರಗಾರ್ತಿ ಕೈ ಚಾಚಿದಾಗಲೆಲ್ಲ ಬಟ್ಟೆ ಬದಲಿಸಿ ಕೊಟ್ಟಳು. ತಪ್ಪು ತನ್ನದೋ, ಬೂಟಿನವರದೋ, ಹಲಗೆಯದೋ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಪ್ರದರ್ಶನ ಒಂದು ತಿಂಗಳು ಹೆಚ್ಚು ನಡೆಯಿತು. ಮುಗಿದ ದಿನ ಚಿತ್ರಗಾರ್ತಿ ಒಂಬತ್ತನ್ನೂ ಸುತ್ತಿಸಿ ಲಾರಿಗೆ ಹಾಕಿಸಿದರು. ಹೋಗುವ ಮೊದಲು ಟಾರ್ಚಮ್ಮನ ಎರಡೂ ಕೈ ಹಿಡಿದುಕೊಂಡು, "ನೀವು ಹೇಳದೆ ಇದ್ದಿದ್ರೆ ಚೆನ್ನಾಗಿತ್ತೋ, ಹೇಳಿದ್ದೇ ಚೆನ್ನಾಯ್ತೋ ತಿಳೀತಿಲ್ಲ. ಆದರೂ ಹೇಳಿದ್ರಲ್ಲ," ಎಂದರು. ಅದು ಹೊಗಳಿಕೆಯೋ ದೂರೋ ಎಂದು ಅವಳು ಮನೆಯವರೆಗೂ ಯೋಚಿಸುತ್ತ ಹೋದಳು.

ಅಂದಿನಿಂದ ಕಟ್ಟಡದಲ್ಲಿ ಹೊಸ ವಾಡಿಕೆಯೊಂದು ಶುರುವಾಯಿತು. ಯಾವುದೇ ಪ್ರದರ್ಶನಕ್ಕೆ ಮೊದಲು ಖಾಲಿ ಕೋಣೆಯಲ್ಲಿ ಟಾರ್ಚಮ್ಮ ಒಂದು ಗಂಟೆ ಕೂರಬೇಕು. ನಾಲ್ಕು ಮೂಲೆಯಲ್ಲೂ ಕೂತು, ಕಿಂಡಿಯಿಂದಲೂ ನೋಡಿ, ಏನನಿಸಿತೋ ಹೇಳಬೇಕು. ಆರ್ಕಿಟೆಕ್ಟ್ ಆಗಾಗ ಬಂದು ಅವಳ ಹಿಂದೆಯೇ ನಡೆಯುತ್ತಿದ್ದ. ಅವಳು ಎಲ್ಲಿ ತಡೆದು ನಿಲ್ಲುತ್ತಾಳೋ ಅಲ್ಲಿ ಪುಸ್ತಕದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದ.

ಮುಂದಿನದು ಬೆರಳುದ್ದದ ಮಣ್ಣಿನ ಬೊಂಬೆಗಳ ಪ್ರದರ್ಶನ. ಟಾರ್ಚಮ್ಮ ತುಂಬ ಯೋಚಿಸಿ, ಅವನ್ನೂ ಕಿಂಡಿಯ ಕೆಳಗೆ ನೆಲದ ಮೇಲೇ ಸಾಲಾಗಿ ಇಡಲು ಹೇಳಿದಳು. ಹಾಗೇ ಇಟ್ಟರು. ಮೇಲಿನಿಂದ ನೋಡಿದವರು ಯಾರೋ ಕಡಲೆಬೀಜ ಚೆಲ್ಲಿದ್ದಾರೆಂದು ತಿಳಿದು ಮುಂದೆ ಹೋದರು. ಒಂದು ವಾರದಲ್ಲಿ ಬಂದವರು ಇಪ್ಪತ್ತು ಜನವೂ ಆಗಲಿಲ್ಲ.

"ಅವತ್ತು ಆಯ್ತಲ್ಲ. ಇವತ್ತು ಯಾಕೆ ಆಗ್ಲಿಲ್ಲ?" ಎಂದರು ಮೇಡಂ, ಕಿಂಡಿಯ ಮುಂದೆ ಅವಳ ಪಕ್ಕದಲ್ಲಿ ನಿಂತು.

ಟಾರ್ಚಮ್ಮ ಬಹಳ ಹೊತ್ತು ಕೆಳಗೆ ನೋಡಿದಳು. "ಗೊತ್ತಾಗ್ತಿಲ್ಲ ಮೇಡಂ. ನಿಜವಾಗ್ಲೂ ಗೊತ್ತಾಗ್ತಿಲ್ಲ."

"ನಂಗೂ," ಎಂದರು ಮೇಡಂ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆತ್ತಿಕೊಂಡು ಬಂದಳು. ಮಗು ಕಿಂಡಿಯತ್ತ ಬೆರಳು ತೋರಿಸಿ ಏನೋ ತೊದಲಿತು. ತಾಯಿಗೆ ಕೆಳಗೆ ಏನೂ ಕಾಣಲಿಲ್ಲ, ಆದರೂ ನಿಂತಳು. ಮೇಡಂ ಬಾಯಿ ತೆರೆಯುವ ಮೊದಲೇ ಟಾರ್ಚಮ್ಮ ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು. ಆ ಮಗು ಎಲ್ಲಿ ನೋಡುತ್ತಿದೆ ಎಂದು ತಾನೂ ಬಗ್ಗಿ ಅದರ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣು ತಂದು ನೋಡತೊಡಗಿದಳು.